ನಿಮ್ಮ ಬಳಗವೇ ಜ್ಯೂರಿಯಾಗಿದ್ದರೆ ತೀರ್ಪೇ ಬರುತ್ತಿರಲಿಲ್ಲ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಮೇಷ್ಟ್ರು. ನಮ್ಮೂರಲ್ಲಿ ಹನ್ನೆರಡು ಜನರ ಓದುಗರ ಬಳಗ ಇದೆ. ಈ ಸಲ ಜಾನ್ ಗ್ರಿಶಮ್ ಅವರ ‘ಎ ಟೈಮ್ ಟು ಕಿಲ್’ ಕಾದಂಬರಿ ಓದಿದೆವು. ಐವರು ಊಟ ನಿದ್ದೆ ಬಿಟ್ಟು ಓದಿದರು. ನಾಲ್ವರಿಗೆ ಸಿಟ್ಟು ಬಂತು: ಇದು ಕೊಲೆಗೆ ಚಪ್ಪಾಳೆ ಹೊಡೆಯುವ ಪುಸ್ತಕ, ಕಪ್ಪು ಜನರ ನೋವಿನ ಕಥೆಯಲ್ಲಿ ಬಿಳಿ ವಕೀಲನೇ ಹೀರೋ, ಆ ಹೆಣ್ಣುಮಗುವನ್ನು ಲೇಖಕರು ಮರೆತೇಬಿಟ್ಟಿದ್ದಾರೆ ಎಂದು. ಮೂವರು ‘ವಿಪರೀತ ಎಳೆದಿದ್ದಾರೆ’ ಎಂದು ಅರ್ಧಕ್ಕೇ ಬಿಟ್ಟರು. ಚರ್ಚೆ ಜಗಳದ ಮಟ್ಟಕ್ಕೆ ಹೋಯಿತು. ನೀವು ಕೋರ್ಟಿನವರು, ಇಂಥ ಪುಸ್ತಕಗಳನ್ನೂ ಓದುವವರು. ಯಾರು ಸರಿ? ನಮ್ಮ ಕೋರ್ಟಿನಲ್ಲಾಗಿದ್ದರೆ ಆ ತಂದೆಗೆ ಏನಾಗುತ್ತಿತ್ತು?

ಉತ್ತರ: ಮೇಷ್ಟ್ರೆ, ‘ಹನ್ನೆರಡು ಜನ’ ಎಂದು ಓದಿದಾಗಲೇ ನಗು ಬಂತು. ಅಮೆರಿಕದಲ್ಲಿ ಕೊಲೆ ಕೇಸಿನ ಜ್ಯೂರಿಯಲ್ಲಿ, ಅಂದರೆ ಅಪರಾಧಿಯೋ ಅಲ್ಲವೋ ಎಂದು ತೀರ್ಮಾನಿಸಲು ಊರಿನ ಸಾಮಾನ್ಯ ಜನರಿಂದ ಆರಿಸಿದ ಗುಂಪಿನಲ್ಲಿ, ಕೂರುವವರೂ ಹನ್ನೆರಡೇ ಜನ. ಹನ್ನೆರಡೂ ಮಂದಿ ಒಂದೇ ಮಾತು ಹೇಳಬೇಕು. ಒಬ್ಬರು ಒಪ್ಪದಿದ್ದರೂ ತೀರ್ಪಿಲ್ಲ, ಮತ್ತೆ ಮೊದಲಿನಿಂದ ವಿಚಾರಣೆ. ಐದು, ನಾಲ್ಕು, ಮೂರು ಎಂದು ಒಡೆದ ನಿಮ್ಮ ಬಳಗ ಕಾದಂಬರಿಯ ಕ್ಲಾಂಟನ್ ಪಟ್ಟಣದ ಜ್ಯೂರಿ ಕೋಣೆಯಲ್ಲಿದ್ದಿದ್ದರೆ ಆ ತಂದೆ ಕಾರ್ಲ್ ಲೀ ಹೇಲಿ ಇನ್ನೂ ಲಾಕಪ್ಪಿನಲ್ಲೇ ಇರುತ್ತಿದ್ದ. ಇದನ್ನು ತಮಾಷೆಗಷ್ಟೇ ಹೇಳುತ್ತಿಲ್ಲ. ನಿಮ್ಮ ಜಗಳಕ್ಕೂ ಜ್ಯೂರಿಗೂ ಸಂಬಂಧ ಇದೆ. ಅದನ್ನು ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪುಸ್ತಕ ಓದದ ಬೇರೆಯವರೂ ಇದನ್ನು ನೋಡಬಹುದು, ಅವರಿಗಾಗಿ ಕಥೆಯ ಎಳೆ ಇಷ್ಟು. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫೋರ್ಡ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಅದರ ಕೇಂದ್ರ ಕ್ಲಾಂಟನ್ ಎಂಬ ಸಣ್ಣ ಪಟ್ಟಣ. ಎರಡೂ ಲೇಖಕರ ಕಲ್ಪನೆಯವು. ಕಾಲ 1985. ಹತ್ತು ವರ್ಷದ ಕಪ್ಪು ಹುಡುಗಿಯ ಮೇಲೆ ಇಬ್ಬರು ಬಿಳಿಯರು ಅತ್ಯಾಚಾರ ಮಾಡಿ ಸಾಯಲು ಬಿಟ್ಟು ಹೋಗುತ್ತಾರೆ. ಹುಡುಗಿ ಬದುಕುತ್ತಾಳೆ, ಇಬ್ಬರೂ ಸಿಕ್ಕಿಬೀಳುತ್ತಾರೆ. ಅವರನ್ನು ಕೋರ್ಟಿಗೆ ಕರೆತಂದ ದಿನ ಹುಡುಗಿಯ ತಂದೆ, ಕಾಗದದ ಕಾರ್ಖಾನೆಯ ಕೆಲಸಗಾರ ಕಾರ್ಲ್ ಲೀ, ಕೋರ್ಟ್ ಕಟ್ಟಡದೊಳಗೇ ಅಡಗಿ ಕೂತಿದ್ದು ಎಂ-16 ಬಂದೂಕಿನಿಂದ ಇಬ್ಬರನ್ನೂ ಕೊಲ್ಲುತ್ತಾನೆ. ಜೊತೆಯಲ್ಲಿದ್ದ ಪೊಲೀಸನಿಗೂ ಗುಂಡು ತಗುಲಿ ಕಾಲು ಹೋಗುತ್ತದೆ. ತಂದೆಯ ಪರ ನಿಲ್ಲುವವನು ಜೇಕ್ ಬ್ರಿಗನ್ಸ್ ಎಂಬ ಯುವ ಬಿಳಿ ವಕೀಲ. ವಾದ: ಆ ಗಳಿಗೆಯಲ್ಲಿ ಕಕ್ಷಿದಾರನ ಚಿತ್ತ ಸ್ವಸ್ಥವಾಗಿರಲಿಲ್ಲ. ಜ್ಯೂರಿಯಲ್ಲಿ ಇರುವವರೆಲ್ಲ ಬಿಳಿಯರು. ಕೊನೆಗೆ ಬಿಡುಗಡೆ. ಗುಟ್ಟೆಲ್ಲ ಹೇಳಿಬಿಟ್ಟೆ, ಕ್ಷಮಿಸಿ. ಆದರೆ ಕೊನೆ ಹೇಳದೆ ಈ ಪ್ರಶ್ನೆಗೆ ಉತ್ತರ ಹೇಳುವುದು ಸಾಧ್ಯವಿಲ್ಲ.

ನಿಮ್ಮ ನಾಲ್ವರ ಮೊದಲ ಆಕ್ಷೇಪವನ್ನೇ ತೆಗೆದುಕೊಳ್ಳುತ್ತೇನೆ: ಕೊಲೆಗೆ ಚಪ್ಪಾಳೆ. ಈ ಮಾತಿಗೆ ಉತ್ತರ ಪುಸ್ತಕದ ಒಳಗೆ ಅರ್ಧ ಸಿಗುತ್ತದೆ, ಉಳಿದರ್ಧ ಮಿಸಿಸಿಪ್ಪಿಯ ಇತಿಹಾಸದಲ್ಲಿದೆ. 1955ರಲ್ಲಿ ಷಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು, ಬಿಳಿ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಎಂಬ ಆರೋಪದ ಮೇಲೆ ರಾತ್ರಿ ಎಳೆದೊಯ್ದು ಕೊಂದು ನದಿಗೆ ಎಸೆದರು. ಆ ಹೆಂಗಸಿನ ಗಂಡ ರಾಯ್ ಬ್ರಯಂಟ್ ಮತ್ತು ಅವನ ಮಲಸಹೋದರ ಜೆ. ಡಬ್ಲ್ಯು. ಮೈಲಮ್ ಆರೋಪಿಗಳು. ವಿಚಾರಣೆ ನಡೆದದ್ದು ಟಾಲಹಾಚಿ ಕೌಂಟಿಯ ಸಮ್ನರ್ ಎಂಬ ಪುಟ್ಟ ಊರಿನಲ್ಲಿ. ಆ ಕೌಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪುವರ್ಣದವರು. ಆದರೆ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ, ಆದ್ದರಿಂದ ಜ್ಯೂರಿ ಪಟ್ಟಿಯಲ್ಲೂ ಇರಲಿಲ್ಲ. ಹನ್ನೆರಡೂ ಜನ ಬಿಳಿ ಗಂಡಸರು. ಅವರು ಒಳಗೆ ಹೋಗಿ ತೀರ್ಮಾನಿಸಿ ಹೊರಬರಲು ತೆಗೆದುಕೊಂಡ ಸಮಯ 67 ನಿಮಿಷ. ‘ಮಧ್ಯೆ ಸೋಡಾ ಕುಡಿಯಲು ನಿಲ್ಲಿಸದಿದ್ದರೆ ಇಷ್ಟೂ ಹೊತ್ತು ಆಗುತ್ತಿರಲಿಲ್ಲ’ ಎಂದು ಅವರಲ್ಲೊಬ್ಬ ಹೇಳಿದ್ದು ವರದಿಯಾಗಿದೆ. ಇಬ್ಬರೂ ಬಿಡುಗಡೆಯಾದರು.

ಮುಂದಿನದು ಇನ್ನೂ ಘೋರ. 1956ರ ಜನವರಿಯಲ್ಲಿ ಅದೇ ಇಬ್ಬರು ‘ಲುಕ್’ ಪತ್ರಿಕೆಯಿಂದ ಹಣ ಪಡೆದು, ಹೌದು, ಕೊಂದವರು ನಾವೇ ಎಂದು ವಿವರವಾಗಿ ಹೇಳಿಕೊಂಡರು. ಕಾನೂನು ಕೈಕಟ್ಟಿ ಕೂತಿತು. ಜ್ಯೂರಿ ಒಮ್ಮೆ ನಿರಪರಾಧಿ ಎಂದರೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ ಎಂದು ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿ ಹೇಳುತ್ತದೆ.

ಈಗ ಕಾದಂಬರಿಗೆ ಬನ್ನಿ. ಕಾರ್ಲ್ ಲೀ ಬಂದೂಕು ಹಿಡಿದದ್ದು ಹುಚ್ಚಿನಿಂದಲ್ಲ, ಲೆಕ್ಕಾಚಾರದಿಂದ. ತನ್ನ ಮಗಳ ಮೇಲೆ ಕೈಹಾಕಿದವರನ್ನು ವಿಚಾರಿಸುವುದು ಇಂಥದೇ ಊರಿನ ಇಂಥದೇ ಹನ್ನೆರಡು ಜನ ಎಂಬುದು ಅವನಿಗೆ ಗೊತ್ತು. ಅವನಿಗೆ ಸಿಗುವ ಬಿಡುಗಡೆ ಎಲ್ಲಿಂದ ಬಂತು? ಅದೂ ಅದೇ ಜ್ಯೂರಿಯಿಂದ, ಪ್ರಶ್ನಿಸಲಾಗದ ಅದೇ ತೀರ್ಪಿನಿಂದ. ಎಮ್ಮೆಟ್ ಟಿಲ್‌ನ ಕೊಲೆಗಾರರು ಯಾವ ಬಾಗಿಲಿನಿಂದ ಹೊರಗೆ ನಡೆದರೋ ಆ ಬಾಗಿಲಿನಿಂದಲೇ ಕಾರ್ಲ್ ಲೀ ಕೂಡ ಹೊರಗೆ ಬರುತ್ತಾನೆ. ಕಾನೂನು ಏನೇ ಹೇಳಲಿ, ಊರಿನ ಹನ್ನೆರಡು ಜನ ಒಂದಾದರೆ ಅದನ್ನು ಪಕ್ಕಕ್ಕಿಡಬಹುದು ಎಂಬುದೇ ಆ ಬಾಗಿಲು. ನಿಮ್ಮ ಐವರು ಅದರಲ್ಲಿ ಹೊರಬಂದ ತಂದೆಯನ್ನು ನೋಡಿ ಕಣ್ಣೀರು ಹಾಕಿದರು. ನಾಲ್ವರಿಗೆ ಆ ಬಾಗಿಲನ್ನೇ ನೋಡಿ ಭಯವಾಯಿತು. ಎರಡು ಕಡೆಯವರೂ ಸರಿಯಾಗಿಯೇ ನೋಡಿದ್ದಾರೆ. ಯಾರು ಸರಿ ಎಂದು ಕೇಳಿದರೆ ನನ್ನ ಮನಸ್ಸು ಭಯಪಟ್ಟವರ ಕಡೆಗೆ ಒಂದು ಕೂದಲೆಳೆಯಷ್ಟು ವಾಲುತ್ತದೆ. ಆದರೆ ಆ ಭಯವನ್ನು ಹುಟ್ಟಿಸಿದ್ದಕ್ಕೇ ಪುಸ್ತಕ ಒಳ್ಳೆಯದು ಎಂದೂ ಸೇರಿಸುತ್ತೇನೆ. ನಿಮ್ಮ ನಾಲ್ವರು ಇದಕ್ಕೆ ಒಪ್ಪಲಿಕ್ಕಿಲ್ಲ.

ಚಪ್ಪಾಳೆಯ ಆಪಾದನೆ ಪೂರ್ತಿ ನಿಲ್ಲುವುದಿಲ್ಲ ಎನ್ನಲು ಪುಸ್ತಕದೊಳಗೇ ಒಂದು ಸಾಕ್ಷಿ ಇದೆ: ಕಾಲು ಕಳೆದುಕೊಂಡ ಆ ಪೊಲೀಸ್. ಕಟಕಟೆಯಲ್ಲಿ ಅವನು ಕಾರ್ಲ್ ಲೀ ಮೇಲೆ ತನಗೆ ಸಿಟ್ಟಿಲ್ಲ ಎನ್ನುತ್ತಾನೆ. ಮೆಚ್ಚಿದವರು ಈ ದೃಶ್ಯವನ್ನು ತಂದೆಯ ಪರ ಸಾಕ್ಷಿ ಎಂದೇ ಓದುತ್ತಾರೆ. ನನಗೆ ಮಾತ್ರ ಅಲ್ಲಿ ಅವನ ಮಾತಿಗಿಂತ ಅವನ ಇಲ್ಲದ ಕಾಲೇ ಹೆಚ್ಚು ಕಾಣುತ್ತದೆ. ತನ್ನ ಕೆಲಸ ಮಾಡುತ್ತಿದ್ದ ಮನುಷ್ಯ, ಯಾವ ತಪ್ಪೂ ಮಾಡಿದವನಲ್ಲ. ಲೇಖಕರು ಬೇಕೆಂದರೆ ಆ ಗುಂಡನ್ನು ಗೋಡೆಗೆ ಹೊಡೆಸಬಹುದಿತ್ತು. ಹೊಡೆಸಲಿಲ್ಲ.

ಎರಡನೆಯ ಆಕ್ಷೇಪ, ಬಿಳಿ ವಕೀಲನೇ ಹೀರೋ ಎಂಬುದು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಮನೆ ಸುಟ್ಟುಹೋಗುವುದು ಜೇಕ್‌ನದು, ಬೆದರಿಕೆ ಬರುವುದು ಜೇಕ್‌ನ ಹೆಂಡತಿಗೆ, ಪತ್ರಿಕೆಯವರು ಸುತ್ತುವುದು ಜೇಕ್‌ನನ್ನು. ಹೇಲಿ ಕುಟುಂಬದ ಅಡುಗೆಮನೆಯಲ್ಲಿ ನಾವು ಕೂರುವ ಹೊತ್ತು ಕಮ್ಮಿ. ಆದರೆ ಬಳಗದಲ್ಲಿ ಯಾರಾದರೂ 1996ರ ಸಿನಿಮಾ ನೋಡಿದ್ದರೆ ಒಂದು ಎಚ್ಚರ ಹೇಳಬೇಕು: ಸಿನಿಮಾದ ತಪ್ಪನ್ನು ಪುಸ್ತಕದ ತಲೆಗೆ ಕಟ್ಟಬೇಡಿ. ಜೋಯಲ್ ಶೂಮಾಕರ್ ನಿರ್ದೇಶಿಸಿದ ಆ ಚಿತ್ರದಲ್ಲಿ ಮ್ಯಾಥ್ಯೂ ಮೆಕಾನಹೇ ಅಂತಿಮ ವಾದದಲ್ಲಿ ಜ್ಯೂರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮಗುವಿಗಾದ ಹಿಂಸೆಯನ್ನು ಒಂದೊಂದಾಗಿ ವಿವರಿಸಿ, ಕೊನೆಯಲ್ಲಿ ಆ ಹುಡುಗಿ ಬಿಳಿಯಳೆಂದು ಊಹಿಸಿಕೊಳ್ಳಿ ಎನ್ನುತ್ತಾನೆ. ಥಿಯೇಟರಿನಲ್ಲಿ ಮೈ ಜುಮ್ಮೆನ್ನುವ ಗಳಿಗೆ. ಪುಸ್ತಕದಲ್ಲಿ ಆ ಮಾತು ವಕೀಲನದಲ್ಲ. ಬಾಗಿಲು ಹಾಕಿದ ಕೋಣೆಯೊಳಗೆ, ದಿನಗಟ್ಟಲೆ ಕಚ್ಚಾಡಿ ಸುಸ್ತಾದ ಜ್ಯೂರಿಯಲ್ಲಿ ಒಬ್ಬ ಹೆಂಗಸು ಉಳಿದವರಿಗೆ ಹೇಳುವ ಮಾತು ಅದು.

ಈ ಬದಲಾವಣೆ ಸಣ್ಣದಲ್ಲ. ವಕೀಲ ಹೇಳಿದಾಗ ಅದು ವಾದದ ವರಸೆ, ಕಕ್ಷಿದಾರನನ್ನು ಉಳಿಸುವ ಕಸುಬು. ಊರಿನ ಹೆಂಗಸೊಬ್ಬಳು ನೆರೆಹೊರೆಯವರಿಗೆ ಹೇಳಿದಾಗ ಅದು ಒಪ್ಪಿಗೆ: ಈ ಮಗು ಬಿಳಿಯಳಾಗಿದ್ದರೆ ನಾವು ಇಷ್ಟು ದಿನ ಇಲ್ಲಿ ಕೂರುತ್ತಲೇ ಇರಲಿಲ್ಲ ಎನ್ನುವ ನಾಚಿಕೆ. ಪುಸ್ತಕದ ಪ್ರಕಾರ ಕೇಸು ಗೆದ್ದದ್ದು ವಕೀಲನ ನಾಲಿಗೆಯಲ್ಲ. ಇಷ್ಟು ವರ್ಷ ಕೋರ್ಟು ಅಲೆದವನಾಗಿ ಹೇಳುತ್ತೇನೆ, ಅದೇ ನಿಜಕ್ಕೆ ಹತ್ತಿರ. ನಾವು ವಕೀಲರು ನಮ್ಮ ವಾದದಿಂದಲೇ ಗೆದ್ದೆವು ಎಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಗೆದ್ದಿರುವುದು ಬೇರೆ ಕಾರಣಕ್ಕೆ.

ಆದರೆ ಸಿನಿಮಾಕ್ಕೆ ಒಂದು ಮಾರ್ಕು ಕೊಡಲೇಬೇಕು. ಸ್ಯಾಮ್ಯುಯೆಲ್ ಜಾಕ್ಸನ್ ಅಭಿನಯಿಸಿದ ಕಾರ್ಲ್ ಲೀ ಜೈಲಿನಲ್ಲಿ ಜೇಕ್‌ನ ಮುಖಕ್ಕೇ ಹೇಳುತ್ತಾನೆ: ನಿನ್ನನ್ನು ಇಟ್ಟುಕೊಂಡದ್ದು ನೀನು ಒಳ್ಳೆಯವನೆಂದಲ್ಲ, ನೀನೂ ಅವರಲ್ಲೊಬ್ಬ, ಅವರ ಹಾಗೆ ಯೋಚಿಸಬಲ್ಲೆ ಎಂದು. ಬಿಳಿ ವಕೀಲ ಯಾಕೆ ಎಂಬ ನಿಮ್ಮ ನಾಲ್ವರ ಪ್ರಶ್ನೆಗೆ ಆರೋಪಿಯೇ ಕೊಟ್ಟ ಉತ್ತರ ಅದು. ಉದ್ಧಾರಕನನ್ನು ಹುಡುಕಿಕೊಂಡು ಹೋದವನ ಮಾತಲ್ಲ, ಆಯುಧ ಆರಿಸಿಕೊಂಡವನ ಮಾತು.

ಹೆಣ್ಣುಮಗುವಿನ ವಿಷಯದಲ್ಲಿ ಮಾತ್ರ ನಿಮ್ಮ ನಾಲ್ವರ ಮುಂದೆ ನಾನು ವಕಾಲತ್ತು ಹಿಂದಕ್ಕೆ ಪಡೆಯುತ್ತೇನೆ. ಈ ಕಾದಂಬರಿ ಹುಟ್ಟಿದ್ದೇ ಒಬ್ಬ ಹುಡುಗಿಯ ಸಾಕ್ಷ್ಯದಿಂದ. ಗ್ರಿಶಮ್ ಮಿಸಿಸಿಪ್ಪಿಯ ಸೌತ್‌ಹೇವನ್‌ನಲ್ಲಿ ವಕೀಲರಾಗಿದ್ದ ಕಾಲ. 1984ರಲ್ಲಿ ಹರ್ನಾಂಡೋ ಎಂಬ ಊರಿನ ಕೋರ್ಟಿನಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತನ್ನ ಮೇಲೆ ನಡೆದ ಅತ್ಯಾಚಾರದ ಬಗ್ಗೆ ಜ್ಯೂರಿಯೆದುರು ಹೇಳಿದ್ದನ್ನು ಅವರು ಕೇಳಿದರು. ಇವಳ ತಂದೆ ಆ ಮನುಷ್ಯನನ್ನು ಕೊಂದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಅಲ್ಲಿಂದ ಶುರು. ಬೆಳಗಿನ ಜಾವ ಎದ್ದು, ಕೋರ್ಟಿಗೆ ಹೊರಡುವ ಮುಂಚೆ ಬರೆಯುತ್ತ ಮೂರು ವರ್ಷ ತೆಗೆದುಕೊಂಡರು. ಹುಡುಗಿಯೊಬ್ಬಳ ಮಾತಿನಿಂದ ಹುಟ್ಟಿದ ಪುಸ್ತಕದಲ್ಲಿ ಹುಡುಗಿಯ ಮಾತೇ ಅಪರೂಪ! ಮೊದಲ ಅಧ್ಯಾಯದಲ್ಲಿ ಅವಳ ಮೈಮೇಲಿನ ಗಾಯಗಳನ್ನು ಎಣಿಸಿ ಎಣಿಸಿ ಹೇಳುವ ಲೇಖಕರು, ಆಮೇಲೆ ಅವಳ ಮನಸ್ಸಿಗೆ ಏನಾಯಿತೆಂದು ಕೇಳುವುದು ತೀರಾ ಕಮ್ಮಿ. ಜೇಕ್‌ಗೆ ಸಹಾಯಕ್ಕೆ ಬರುವ ಕಾನೂನು ವಿದ್ಯಾರ್ಥಿನಿಯ ಪಾತ್ರವೂ ಅಷ್ಟೆ, ಅವಳ ತಲೆಗಿಂತ ಬಟ್ಟೆಯ ವಿವರವೇ ಹೆಚ್ಚು.

ಇನ್ನು ಅರ್ಧಕ್ಕೆ ಬಿಟ್ಟ ಮೂವರು. ಈ ಪುಸ್ತಕವನ್ನು ಬಿಟ್ಟವರಲ್ಲಿ ಅವರೇ ಮೊದಲಿಗರಲ್ಲ ಎಂದು ಸಮಾಧಾನ ಹೇಳಿ. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಸ್ತಪ್ರತಿ ವಾಪಸು ಕಳಿಸಿದ್ದರು. 1989ರಲ್ಲಿ ವಿನ್‌ವುಡ್ ಎಂಬ ಸಣ್ಣ ಪ್ರಕಾಶನ 5,000 ಪ್ರತಿ ಅಚ್ಚು ಹಾಕಿತು. ಅದರಲ್ಲಿ 1,000 ಪ್ರತಿಗಳನ್ನು ಲೇಖಕರೇ ಕೊಂಡು ಮಾರಲು ತಿರುಗಿದರು. 1991ರಲ್ಲಿ ಎರಡನೆಯ ಪುಸ್ತಕ ‘ದಿ ಫರ್ಮ್’ ಬಿಸಿ ದೋಸೆಯಂತೆ ಖರ್ಚಾದ ಮೇಲೆಯೇ ಮೊದಲನೆಯದನ್ನು ಜನ ಹುಡುಕಿದ್ದು. ಹೀಗಾಗಿ ಬಹಳ ಓದುಗರು ಇದನ್ನು ತಿರುಗುಮುರುಗಾಗಿ ಓದಿದರು. ‘ದಿ ಫರ್ಮ್’ನ ಓಟ ಕಂಡವರು ಅದೇ ಓಟ ಬಯಸಿ ಇಲ್ಲಿಗೆ ಬಂದರೆ ಇಲ್ಲಿ ಕಾಫಿ ಅಂಗಡಿ, ಶೆರಿಫನ ಕುಶಾಲು, ಫೀಸಿನ ಚೌಕಾಸಿ, ಪಾದ್ರಿಗಳ ಪೇಚಾಟ. ಥ್ರಿಲ್ಲರ್ ಎಂಬ ಹಣೆಪಟ್ಟಿ ನೋಡಿ ಕೊಂಡವರಿಗೆ ಮೋಸ ಹೋದೆವು ಅನ್ನಿಸುವುದು ಸಹಜ.

ನನಗೆ ಮಾತ್ರ ಆ ‘ಎಳೆದ’ ಭಾಗವೇ ಪುಸ್ತಕದ ಜೀವ. ಫೀಸಿನ ಪ್ರಸಂಗವನ್ನೇ ನೋಡಿ. ಕೊಲೆ ಕೇಸು, ಮರಣದಂಡನೆಯ ಭಯ, ತಿಂಗಳುಗಟ್ಟಲೆ ಕೆಲಸ. ಜೇಕ್ ಒಂದು ಮೊತ್ತ ಹೇಳುತ್ತಾನೆ, ಕಾರ್ಲ್ ಲೀ ಇಳಿಸುತ್ತಾನೆ. ಜಮೀನಿನ ಮೇಲೆ ಸಾಲ ಕೇಳಿದರೆ ಬ್ಯಾಂಕು ಕೊಡುವುದಿಲ್ಲ. ಕೊನೆಗೆ ವಕೀಲನ ಕೈಗೆ ಬಂದದ್ದು 900 ಡಾಲರ್. ನಾನು ತಾಲ್ಲೂಕು ಕೋರ್ಟಿನಲ್ಲಿ ಕೆಲಸ ಕಲಿತವನು. ಅಲ್ಲಿ ಫೀಸು ಎಂದರೆ ಅಡಿಕೆ ಕೊಯ್ಲು ಮುಗಿದ ಮೇಲೆ, ಕೊಬ್ಬರಿ ರೇಟು ಏರಿದ ಮೇಲೆ, ‘ಮುಂದಿನ ವಾಯಿದೆಗೆ ಖಂಡಿತ ಸ್ವಾಮಿ’. ಒಬ್ಬ ಕಕ್ಷಿದಾರ ಎರಡು ವರ್ಷ ಫೀಸಿನ ಬದಲು ಹಲಸಿನಹಣ್ಣು ತಂದುಕೊಟ್ಟ. ಗುಮಾಸ್ತರಿಗೆ ಹಲಸು ಒಗ್ಗುತ್ತಿರಲಿಲ್ಲ, ಎಲ್ಲ ನನ್ನ ಪಾಲಿಗೇ. ಆ ಅಧ್ಯಾಯ ಓದಿದಾಗ, ಇದನ್ನು ಬರೆದವನು ನಿಜವಾಗಿಯೂ ಕೋರ್ಟಿನ ಮೆಟ್ಟಿಲು ಸವೆಸಿದವನು ಎಂದು ನನಗೆ ಖಾತ್ರಿಯಾಯಿತು.

ಜ್ಯೂರಿ ಆರಿಸುವ ಭಾಗ ಅದಕ್ಕಿಂತ ಮುಖ್ಯ. ಕಥೆ ನಿಂತಿದೆ ಎಂದು ಓದುಗರಿಗೆ ಅನ್ನಿಸುವುದೂ ಅಲ್ಲೇ, ಕೇಸು ಅರ್ಧ ತೀರ್ಮಾನವಾಗುವುದೂ ಅಲ್ಲೇ. ಜೇಕ್ ಮೊದಲು ವಿಚಾರಣೆಯನ್ನು ಬೇರೆ ಕೌಂಟಿಗೆ ವರ್ಗಾಯಿಸಿ ಎಂದು ಕೇಳುತ್ತಾನೆ. ನ್ಯಾಯಾಧೀಶರು ಒಪ್ಪುವುದಿಲ್ಲ. ಆಮೇಲೆ ಜ್ಯೂರಿಗೆ ಕರೆಸಿದವರ ಪಟ್ಟಿ ಹಿಡಿದು ಸ್ನೇಹಿತರೊಡನೆ ಕೂರುತ್ತಾನೆ: ಇವನು ಯಾರ ಮಗ, ಇವಳ ಗಂಡ ಎಲ್ಲಿ ಕೆಲಸಕ್ಕಿದ್ದಾನೆ, ಈ ಮನೆಯವರು ಯಾವ ಚರ್ಚು. ಸಣ್ಣ ಊರಿನ ವಕೀಲನ ನಿಜವಾದ ಗ್ರಂಥಾಲಯ ಅದು. ಸರ್ಕಾರಿ ವಕೀಲ ಬಕ್ಲಿ, ಗವರ್ನರ್ ಆಗುವ ಕನಸಿನವನು, ತನಗಿರುವ ಹಕ್ಕು ಬಳಸಿ ಕಪ್ಪು ಜನರನ್ನೆಲ್ಲ ಕಾರಣ ಹೇಳದೆ ಕೈಬಿಡುತ್ತಾನೆ.

‘ಇದೆಲ್ಲ ಉತ್ಪ್ರೇಕ್ಷೆ’ ಎಂದು ಬಳಗದಲ್ಲಿ ಯಾರೋ ಹೇಳಿರಬೇಕು, ಯಾವ ಬಳಗದಲ್ಲೂ ಒಬ್ಬರು ಹೇಳಿಯೇ ಹೇಳುತ್ತಾರೆ. ಅವರಿಗೆ ಕರ್ಟಿಸ್ ಫ್ಲವರ್ಸ್ ಕೇಸು ಹೇಳಿ. ಮಿಸಿಸಿಪ್ಪಿಯದೇ ವಿನೋನಾ ಎಂಬ ಸಣ್ಣ ಊರು. 1996ರಲ್ಲಿ ಅಲ್ಲಿನ ಪೀಠೋಪಕರಣದ ಅಂಗಡಿಯಲ್ಲಿ ನಾಲ್ವರ ಕೊಲೆಯಾಯಿತು. ಅದೇ ಅಂಗಡಿಯಲ್ಲಿ ಕೆಲಸ ಮಾಡಿ ಬಿಟ್ಟಿದ್ದ ಫ್ಲವರ್ಸ್ ಎಂಬ ಕಪ್ಪು ಯುವಕನನ್ನು ಹಿಡಿದರು. ಒಂದೇ ಕೇಸಿಗೆ ಆರು ಸಲ ವಿಚಾರಣೆ ನಡೆಯಿತು, ಆರೂ ಸಲ ಅದೇ ಸರ್ಕಾರಿ ವಕೀಲ. ಜನಾಂಗ ನೋಡಿ ಜ್ಯೂರಿಯಿಂದ ಕೈಬಿಡುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1986ರಲ್ಲೇ, ಬ್ಯಾಟ್ಸನ್ ಕೇಸಿನಲ್ಲಿ ಹೇಳಿತ್ತು. ಅಂದರೆ ಕಾದಂಬರಿಯ ಕಾಲದಿಂದ ಒಂದು ವರ್ಷ ಈಚೆಗೆ. ಆದರೂ ಫ್ಲವರ್ಸ್‌ನ ಆರು ವಿಚಾರಣೆಗಳಲ್ಲಿ, ಕೈಬಿಡಲು ಅವಕಾಶವಿದ್ದ 42 ಕಪ್ಪು ಜನರಲ್ಲಿ 41 ಮಂದಿಯನ್ನು ಸರ್ಕಾರದ ಕಡೆಯವರು ಕೈಬಿಟ್ಟಿದ್ದರು ಎಂದು 2019ರಲ್ಲಿ ಸುಪ್ರೀಂ ಕೋರ್ಟೇ ಲೆಕ್ಕ ಹಾಕಿ ಶಿಕ್ಷೆಯನ್ನು ರದ್ದು ಮಾಡಿತು. 2020ರಲ್ಲಿ ಕೇಸನ್ನೇ ಕೈಬಿಟ್ಟರು. ಆ ಹೊತ್ತಿಗೆ ಮನುಷ್ಯ ಎರಡು ದಶಕಕ್ಕೂ ಹೆಚ್ಚು ಕಾಲ ಕಂಬಿ ಎಣಿಸಿದ್ದ. ಇದರ ಮುಂದೆ ಗ್ರಿಶಮ್ ಸೌಮ್ಯವಾಗಿಯೇ ಬರೆದಿದ್ದಾರೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ನಮ್ಮ ಕೋರ್ಟಿನಲ್ಲಾಗಿದ್ದರೆ? ಕಾರ್ಲ್ ಲೀ ತುಮಕೂರಿನ ಸೆಷನ್ಸ್ ಕೋರ್ಟಿನ ಮುಂದೆ ನಿಂತಿದ್ದಾನೆ ಎಂದುಕೊಳ್ಳೋಣ. ಅವನ ವಕೀಲನಾಗಿ ನನ್ನ ಕೈಯಲ್ಲಿ ಎರಡು ದಾರಿ.

ಒಂದು, ಚಿತ್ತವಿಕಲತೆ. ಹಳೆಯ ದಂಡ ಸಂಹಿತೆಯ 84ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ. ಜೇಕ್ ಹಿಡಿದ ಹಗ್ಗ ಮತ್ತು ನಮ್ಮದು ಒಂದೇ ನಾರಿನಿಂದ ಹೊಸೆದದ್ದು. ಎರಡರ ಮೂಲವೂ 1843ರ ಇಂಗ್ಲೆಂಡಿನ ಮೆಕ್‌ನಾಟನ್ ನಿಯಮ. ಕೃತ್ಯ ನಡೆದ ಹೊತ್ತಿನಲ್ಲಿ, ತಾನು ಏನು ಮಾಡುತ್ತಿದ್ದೇನೆ ಎಂಬುದಾಗಲಿ, ಅದು ತಪ್ಪು ಎಂಬುದಾಗಲಿ ತಿಳಿಯದಷ್ಟು ಚಿತ್ತ ಕೆಟ್ಟಿರಬೇಕು. ಅದನ್ನು ತೋರಿಸುವ ಹೊಣೆ ಆರೋಪಿಯದು. ಈಗ ಸಂಗತಿಗಳನ್ನು ಪಕ್ಕದಲ್ಲಿಡಿ: ಹಳೆಯ ಸೈನಿಕ ಸ್ನೇಹಿತನಿಂದ ಬಂದೂಕು ತರಿಸಿದ್ದು, ಆರೋಪಿಗಳನ್ನು ಯಾವ ದಾರಿಯಲ್ಲಿ ಕರೆತರುತ್ತಾರೆಂದು ನೋಡಿಕೊಂಡಿದ್ದು, ಒಳಗೆ ಅಡಗಿ ಕಾದದ್ದು. ಇದಕ್ಕೆ ಮುಂಚೆಯೇ ವಕೀಲನ ಹತ್ತಿರ ‘ನಾನು ಏನಾದರೂ ಮಾಡಿಬಿಟ್ಟರೆ’ ಎಂಬ ಧಾಟಿಯಲ್ಲಿ ಮಾತಾಡಿದ್ದಾನೆ ಬೇರೆ. ನಮ್ಮ ಸರ್ಕಾರಿ ವಕೀಲರು ಪಾಟೀ ಸವಾಲಿಗೆ ಎದ್ದು ಹತ್ತು ನಿಮಿಷದಲ್ಲಿ ನನ್ನ ಮನೋವೈದ್ಯರನ್ನು ಕೂರಿಸಿಬಿಡುತ್ತಾರೆ. ಕಾದಂಬರಿಯಲ್ಲೂ ಮನೋವೈದ್ಯ ಕುಸಿಯುತ್ತಾನೆ ಎಂಬುದನ್ನು ಮರೆಯಬೇಡಿ. ಅವನ ಹಳೆಯ ಅಪರಾಧವೊಂದು ಬಯಲಾಗಿ ಸಾಕ್ಷ್ಯ ಮಣ್ಣುಪಾಲಾಗುತ್ತದೆ. ಆದರೂ ಜ್ಯೂರಿ ಬಿಟ್ಟುಬಿಡುತ್ತದೆ. ಕಾನೂನಿನ ಪಾಲಿಗೆ ಹುಚ್ಚು ಅಲ್ಲಿ ಒಂದು ನೆಪ, ಮನಸ್ಸು ಮಾಡಿದವರಿಗೆ ಬರೆದುಕೊಳ್ಳಲು ಒಂದು ಸಾಲು.

ಎರಡು, ಗಂಭೀರ ಮತ್ತು ಹಠಾತ್ ಪ್ರಚೋದನೆ. ಇದು ಸಿಕ್ಕಿದರೂ ಬಿಡುಗಡೆ ಇಲ್ಲ, ಕೊಲೆಯ ಬದಲು ಅದಕ್ಕಿಂತ ಕಡಿಮೆ ಅಪರಾಧವಾಗುತ್ತದೆ, ಅಷ್ಟೆ. ಮಗಳ ಸ್ಥಿತಿ ಗಂಭೀರ ಪ್ರಚೋದನೆ ಎಂಬುದನ್ನು ಯಾವ ನ್ಯಾಯಾಧೀಶರೂ ಅಲ್ಲಗಳೆಯುವುದಿಲ್ಲ. ಆದರೆ ಹಠಾತ್? ಇಲ್ಲಿ ನಾನಾವತಿ ಕೇಸು ಎದುರಿಗೆ ನಿಲ್ಲುತ್ತದೆ. 1959ರಲ್ಲಿ ನೌಕಾಪಡೆಯ ಅಧಿಕಾರಿ ಕವಾಸ್ ನಾನಾವತಿ ಹೆಂಡತಿಯ ಪ್ರಿಯಕರನನ್ನು ಮುಂಬಯಿಯಲ್ಲಿ ಗುಂಡಿಟ್ಟು ಕೊಂದ. ವಿಷಯ ತಿಳಿದದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ. ಅಷ್ಟು ಹೊತ್ತಿನಲ್ಲಿ ಮನಸ್ಸು ಹತೋಟಿಗೆ ಬರಬೇಕಿತ್ತು ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಮೂರು ಗಂಟೆಯೇ ಹೆಚ್ಚಾಯಿತು ಎಂದಮೇಲೆ ದಿನಗಟ್ಟಲೆ ಕಾದವನ ಗತಿ ಏನು? ಜೀವಾವಧಿ ತಪ್ಪುತ್ತಿರಲಿಲ್ಲ ಎಂದೇ ನನ್ನ ಅಂದಾಜು.

ನಿಮ್ಮ ಬಳಗಕ್ಕೆ ಹೇಳಲೇಬೇಕಾದ ಕಥೆ ನಾನಾವತಿಯ ಇನ್ನೊಂದು ತುದಿ. ಆ ಕೇಸು ಮೊದಲು ನಡೆದದ್ದು ಜ್ಯೂರಿಯ ಮುಂದೆ. ‘ಬ್ಲಿಟ್ಜ್’ ವಾರಪತ್ರಿಕೆ ಅವನ ಪರ ಊರೆಲ್ಲ ಡಂಗುರ ಸಾರುತ್ತಿತ್ತು, ಕ್ಲಾಂಟನ್‌ನ ಕೋರ್ಟಿನ ಹೊರಗೆ ಜನ ಕೂಗಿದ ಹಾಗೆ. ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಮಂದಿ ನಿರಪರಾಧಿ ಎಂದರು. ಅಮೆರಿಕದಲ್ಲಾದರೆ ಕೇಸು ಅಲ್ಲಿಗೇ ಮುಗಿಯುವುದು. ಇಲ್ಲಿ ಸೆಷನ್ಸ್ ನ್ಯಾಯಾಧೀಶ ಮೆಹ್ತಾ ಅವರು, ಈ ತೀರ್ಮಾನ ಸಾಕ್ಷ್ಯಕ್ಕೆ ಒಪ್ಪುವಂಥದ್ದಲ್ಲ ಎಂದು ಹೈಕೋರ್ಟಿಗೆ ಕಳಿಸಿದರು. ನಮ್ಮ ಕಾನೂನಿನಲ್ಲಿ ಆ ಅವಕಾಶ ಇತ್ತು. ಹೈಕೋರ್ಟು ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, 1964ರಲ್ಲಿ ರಾಜ್ಯಪಾಲರು ಕ್ಷಮಾದಾನ ಕೊಟ್ಟರು. ಆ ಕೇಸಿನಿಂದಲೇ ಜ್ಯೂರಿ ಹೋಯಿತು ಎನ್ನುವುದು ಅರ್ಧ ದಂತಕಥೆ. ಕಾನೂನು ಆಯೋಗ ಜ್ಯೂರಿ ಬೇಡ ಎಂದದ್ದು 1958ರಲ್ಲಿ, ಅಂದರೆ ಗುಂಡು ಹಾರುವ ಮುಂಚೆಯೇ. ಪೂರ್ತಿ ಕಣ್ಮರೆಯಾದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ.

ಹಾಗಾದರೆ ಜ್ಯೂರಿ ಹೋದ ಮೇಲೆ ನಮ್ಮಲ್ಲಿ ಊರಿನ ಕೈ ಕೋರ್ಟಿನೊಳಗೆ ಬರುವುದಿಲ್ಲವೆ? ಖಂಡಿತ ಬರುತ್ತದೆ, ಬೇರೆ ಬಾಗಿಲಿನಿಂದ. ನಮ್ಮಲ್ಲಿ ಊರು ಜ್ಯೂರಿಯ ಕುರ್ಚಿಯಲ್ಲಿ ಕೂರುವುದಿಲ್ಲ, ಸಾಕ್ಷಿಯ ಕಟಕಟೆಗೆ ಬಂದು ‘ನಾನು ನೋಡಲಿಲ್ಲ ಸ್ವಾಮಿ’ ಎನ್ನುತ್ತದೆ. 2000ದ ಮಾರ್ಚಿನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಸಾಕ್ಷಿ ಹೇಳಿದವನು ಸಂಜೆ ಅದೇ ಬಸ್ಸು ಹತ್ತಿ ಅದೇ ಊರಿಗೆ ಹೋಗಬೇಕು, ಅದೇ ಅಂಗಡಿಯಲ್ಲಿ ಉಪ್ಪು ಕೊಳ್ಳಬೇಕು. ಸಮ್ನರ್‌ನ 67 ನಿಮಿಷಕ್ಕೂ ಈ ಮೌನಕ್ಕೂ ನಡುವಿನ ದೂರ ನನಗೆ ಅಷ್ಟೇನೂ ಕಾಣುವುದಿಲ್ಲ. ಇದನ್ನು ಬಳಗದಲ್ಲಿ ಎತ್ತಿದರೆ ಮತ್ತೆ ಜಗಳವಾದೀತು. ಆಗಲಿ ಬಿಡಿ, ಈ ಸಲದ ಜಗಳ ಮಿಸಿಸಿಪ್ಪಿಯದಾಗಿರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಪುಸ್ತಕದಲ್ಲಿ ಕಪ್ಪು ಜನರನ್ನು ಕರೆಯುವ ಆ ಕೆಟ್ಟ ಪದ ಪುಟಪುಟದಲ್ಲೂ ಬರುತ್ತದೆ ಎಂದು ಎಷ್ಟೋ ಓದುಗರಿಗೆ ಬೇಸರ. 1985ರ ಕ್ಲಾಂಟನ್‌ನ ಬಾಯಲ್ಲಿ ಆ ಪದ ಇರಲೇಬೇಕು, ಅದು ಸರಿ. ನನ್ನ ಇರಿಸುಮುರಿಸು ಬೇರೆ: ಒಳ್ಳೆಯವರೆಂದು ಲೇಖಕರು ತೋರಿಸುವವರ ಬಾಯಲ್ಲೂ ಅದು ಅಷ್ಟೇ ಸಲೀಸಾಗಿ ಬರುತ್ತದೆ, ಯಾರಿಗೂ ಒಂದು ಗಳಿಗೆ ತಡವರಿಕೆ ಇಲ್ಲ. ನಮ್ಮ ಹಳ್ಳಿಗಳಲ್ಲಿ ಜಾತಿಯ ಹೆಸರು ಹಿಡಿದು ಕರೆಯುವುದನ್ನು ಕೇಳಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಏನು ಓದಲಿ ಎಂದು ನಿಮ್ಮ ಐವರು ಕೇಳಿಯೇ ಕೇಳುತ್ತಾರೆ. ಇದೇ ಜೇಕ್‌ನ ಕಥೆ 2013ರ ‘ಸಿಕಮೋರ್ ರೋ’ನಲ್ಲಿ ಮುಂದುವರಿಯುತ್ತದೆ. ಕಾರ್ಲ್ ಲೀ ಕೇಸಾಗಿ ಮೂರು ವರ್ಷ, ಸುಟ್ಟ ಮನೆಯ ವಿಮೆ ಇನ್ನೂ ಬಂದಿಲ್ಲ. ಈ ಸಲ ಕೊಲೆಯ ಬದಲು ಒಂದು ಕೈಬರಹದ ಉಯಿಲು, ಬಿಳಿಯನೊಬ್ಬ ತನ್ನ ಆಸ್ತಿಯ ಬಹುಪಾಲನ್ನು ಮನೆಗೆಲಸದ ಕಪ್ಪು ಹೆಂಗಸಿಗೆ ಬರೆದಿಟ್ಟಿರುತ್ತಾನೆ. ಸಿವಿಲ್ ಕೇಸು ಎಂದು ಮೂಗು ಮುರಿಯಬೇಡಿ. ನನ್ನ ಮಟ್ಟಿಗೆ ಅದೇ ಹೆಚ್ಚು ಪಕ್ವವಾದ ಪುಸ್ತಕ.

ಬಿಟ್ಟ ಮೂವರಿಗೆ ಮಾತ್ರ ಮೊದಲಿನಿಂದ ಶುರುಮಾಡಿ ಎಂದು ಒತ್ತಾಯ ಮಾಡಬೇಡಿ. ಫೀಸಿನ ಚೌಕಾಸಿಯ ಅಧ್ಯಾಯವನ್ನೂ ಜ್ಯೂರಿ ಆರಿಸುವ ಭಾಗವನ್ನೂ ಗುರುತು ಹಾಕಿ ಕೊಡಿ, ಒಂದು ಭಾನುವಾರಕ್ಕೆ ಆಗುವಷ್ಟು. ಅಷ್ಟು ಓದಿದ ಮೇಲೂ ಬೇಸರ ಎಂದರೆ ಪುಸ್ತಕ ವಾಪಸು ತೆಗೆದುಕೊಳ್ಳಿ. ಮೂವರಲ್ಲಿ ಒಬ್ಬರಾದರೂ ಮುಂದಿನ ಪುಟ ತಿರುಗಿಸಿದರೆ ನನಗೊಂದು ಕಾರ್ಡು ಬರೆಯಿರಿ, ನಿಮ್ಮ ಹನ್ನೆರಡರ ಲೆಕ್ಕ ಈಗ ಎಷ್ಟಕ್ಕೆ ಎಷ್ಟು ಎಂದು.